ಗವಾಯಿಗಳ ಅಣ್ಣನ ಹೆಸರೇನು?

ಹೋದ ಭಾನುವಾರದ ಮಾತು. ಮಧ್ಯಾಹ್ನ ಊಟ ಮುಗಿಸಿ ಒಂದು ಸಣ್ಣ ನಿದ್ದೆ ತೆಗೆಯೋಣ ಅಂತ ದಿಂಬು ಹುಡುಕುತ್ತಿದ್ದೆ. ಮಗಳು ಬಿಡಲಿಲ್ಲ. "ಅಪ್ಪಾ, ಒಂದು ಹಳೇ ಇಂಗ್ಲಿಷ್ ಸಿನಿಮಾ ಇದೆ, ನಿಮಗೆ ಖಂಡಿತ ಹಿಡಿಸತ್ತೆ, ಕೂತ್ಕೊಳ್ಳಿ" ಅಂತ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿಯೇ ಬಿಟ್ಟಳು. ಹತ್ತು ನಿಮಿಷ ನೋಡಿ ಗೊರಕೆ ಹೊಡೆದರಾಯಿತು ಅಂದುಕೊಂಡು ಕೂತವನು ಕೊನೆಯವರೆಗೂ ಅಲ್ಲಾಡಲಿಲ್ಲ.

ಸಿನಿಮಾ ಹೆಸರು ‘ಲಾ ಬಾಂಬಾ’. 1987ರಲ್ಲಿ ಬಂದದ್ದು. ರಿಚಿ ವ್ಯಾಲೆನ್ಸ್ ಎಂಬ ಹಾಡುಗಾರನ ನಿಜ ಜೀವನದ ಕಥೆ. ಮೆಕ್ಸಿಕೊ ಮೂಲದ ಬಡ ಕುಟುಂಬ, ಇರುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಹುಡುಗನ ಅಡ್ಡಹೆಸರು ವ್ಯಾಲೆನ್ಸುವೆಲಾ. ಉದ್ದವಾಯಿತು ಅಂತ ರೆಕಾರ್ಡಿನವರು ಕತ್ತರಿಸಿ ವ್ಯಾಲೆನ್ಸ್ ಮಾಡುತ್ತಾರೆ. ಮನೆಯ ಹಿರಿಯರ ಸ್ಪ್ಯಾನಿಷ್ ಭಾಷೆ ಅವನಿಗೆ ಸರಿಯಾಗಿ ಬಾರದು, ಬೆಳೆದದ್ದೆಲ್ಲ ಇಂಗ್ಲಿಷಿನಲ್ಲಿ. ಅಂಥವನು ಮೆಕ್ಸಿಕೊದ ವೆರಾಕ್ರೂಸ್ ಸೀಮೆಯ ಒಂದು ಜನಪದ ಹಾಡನ್ನು ಹಿಡಿದು 1958ರಲ್ಲಿ ರಾಕ್ ಅಂಡ್ ರೋಲ್ ಮಾಡಿ ಹಾಡಿದ, ಅಮೆರಿಕವೇ ಕುಣಿಯಿತು. ಕೆಲವೇ ತಿಂಗಳಲ್ಲಿ, 1959ರ ಫೆಬ್ರವರಿ 3ರಂದು, ವಿಮಾನ ಬಿದ್ದು ತೀರಿಕೊಂಡ. ಆಗ ಅವನ ವಯಸ್ಸು ಬರೀ 17.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ರಿಚಿ ಅಲ್ಲ, ಅವನ ಅಣ್ಣ ಬಾಬ್. ಕುಡಿಯುತ್ತಾನೆ, ಜಗಳ ಕಾಯುತ್ತಾನೆ, ತಮ್ಮನ ಏಳಿಗೆ ಕಂಡು ಒಳಗೊಳಗೇ ಉರಿಯುತ್ತಾನೆ. ಆದರೆ ಸಿನಿಮಾದಲ್ಲಿ ತಮ್ಮನನ್ನು ಗಡಿ ದಾಟಿಸಿ ಮೆಕ್ಸಿಕೊಗೆ ಕರೆದೊಯ್ಯುವವನೂ ಅವನೇ. ಆ ಹಾಡು ತಮ್ಮನ ಕಿವಿಗೆ ಬೀಳುವುದು ಅಲ್ಲೇ. ಕೊನೆಗೆ ಒಂದು ಸೇತುವೆಯ ಮೇಲೆ ನಿಂತು ತಮ್ಮನ ಹೆಸರು ಕೂಗುತ್ತಾನೆ. ಅಷ್ಟೇ.

ನಾನು ಕನ್ನಡಕ ತೆಗೆದು ಒರೆಸುವುದನ್ನು ಮಗಳು ನೋಡಿಬಿಟ್ಟಳು. "ಅಪ್ಪಾ, ಕನ್ನಡದಲ್ಲಿ ಹಾಡೋರ ಮೇಲೆ ಇಂಥ ಸಿನಿಮಾ ಇದ್ಯಾ?" ಅಂತ ಕೇಳಿದಳು.

ಇದೆ. ಅದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇದ್ದೆ. ಬರೆಯಲು ಹೊರಟರೆ ನನ್ನ ತಪ್ಪನ್ನೂ ಬರೆಯಬೇಕಾಗುತ್ತದೆ ಅಂತ ಮುಂದೂಡುತ್ತಾ ಬಂದೆ. ಇವತ್ತು ಬರೆದೇ ಬಿಡುತ್ತೇನೆ.

ನನ್ನೂರು ಗದಗ. ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ನಮ್ಮ ಮನೆ. ಮನೆಯೊಳಗೆ ಎರಡು ಕುಣಿಮಗ್ಗ. ಬೆಳಗಾದರೆ ಲಾಳಿಯ ಖಟಕ್ ಖಟಕ್ ಸದ್ದಿಗೇ ನಮಗೆ ಎಚ್ಚರ. ನಾವಿಬ್ಬರೇ ಅಣ್ಣತಮ್ಮಂದಿರು. ಅಣ್ಣ ನನಗಿಂತ ಆರು ವರ್ಷ ದೊಡ್ಡವನು, ಅವನಿಗೆ ಒಳ್ಳೆಯ ಕಂಠ. ಗದಗಿನಲ್ಲಿ ಹುಟ್ಟಿ ಕಂಠ ಚೆನ್ನಾಗಿದ್ದರೆ ದಾರಿ ಒಂದೇ, ವೀರೇಶ್ವರ ಪುಣ್ಯಾಶ್ರಮ. ಅಣ್ಣ ಶಾಲೆ ಬಿಟ್ಟಮೇಲೆ ಸಂಜೆ ಅಲ್ಲಿಗೆ ಹೋಗಿ ಎರಡು ವರ್ಷ ಪೇಟಿ ಬಾರಿಸುವುದನ್ನೂ ಹಾಡುವುದನ್ನೂ ಕಲಿತ. (ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಅಂತಲೇ ಅನ್ನುವುದು.)

ಆಶ್ರಮದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಇದರ ಮೂಲಪುರುಷರು ಪಂಚಾಕ್ಷರಿ ಗವಾಯಿಗಳು. 1892ರಲ್ಲಿ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದವರು. ಮನೆಯಲ್ಲಿ ಇಟ್ಟ ಹೆಸರು ಗದಿಗೆಯ್ಯ. ಹುಟ್ಟು ಕುರುಡರು. ಅವರೊಬ್ಬರೇ ಅಲ್ಲ, ಅವರ ಅಣ್ಣ ಕೂಡ ಹುಟ್ಟು ಕುರುಡ. ಒಂದೇ ಮನೆಯಲ್ಲಿ ಇಬ್ಬರು ಕಣ್ಣಿಲ್ಲದ ಹುಡುಗರು. ಆ ತಾಯಿಯ ಸಂಕಟ ನೆನೆಸಿಕೊಳ್ಳಿ. ಇಬ್ಬರೂ ಹಾಡುತ್ತಿದ್ದರು. ಹಾನಗಲ್ಲಿನ ಕುಮಾರ ಸ್ವಾಮಿಗಳು, ಅಂದರೆ 1909ರಲ್ಲಿ ಬಾದಾಮಿಯ ಹತ್ತಿರ ಶಿವಯೋಗಮಂದಿರ ಕಟ್ಟಿದವರು, ಈ ಹುಡುಗರ ಕೈಹಿಡಿದು ಸಂಗೀತಕ್ಕೆ ಹಚ್ಚಿದರು. ಗದಿಗೆಯ್ಯ ಮುಂದೆ ಪಂಚಾಕ್ಷರಿ ಗವಾಯಿಯಾದರು. ಹಿಂದೂಸ್ತಾನಿ, ಕರ್ನಾಟಕ ಎರಡೂ ಪದ್ಧತಿ ಅವರ ಕೈವಶ, ಅದಕ್ಕೇ ‘ಉಭಯಗಾನ ವಿಶಾರದ’ ಎಂಬ ಬಿರುದು. ಕುರುಡು ಮಕ್ಕಳನ್ನೂ ಬಡ ಮಕ್ಕಳನ್ನೂ ಕಟ್ಟಿಕೊಂಡು ಊರೂರು ತಿರುಗಿ ಪಾಠಶಾಲೆ ನಡೆಸಿದರು, ಕೊನೆಗೆ ಗದಗಿನಲ್ಲಿ ನೆಲೆ ನಿಂತರು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಇವರೆಲ್ಲ ಅವರ ಶಿಷ್ಯರು. 1944ರಲ್ಲಿ ಅವರು ತೀರಿಕೊಂಡ ಮೇಲೆ, ಎಳವೆಯಲ್ಲೇ ಕಣ್ಣು ಕಳೆದುಕೊಂಡಿದ್ದ ಇನ್ನೊಬ್ಬ ಶಿಷ್ಯ ಪುಟ್ಟರಾಜ ಗವಾಯಿಗಳು ಆಶ್ರಮವನ್ನು 2010ರವರೆಗೆ ಹೊತ್ತು ನಡೆಸಿದರು. ನಾಟಕ ಕಂಪನಿ ಕಟ್ಟಿ, ಆ ದುಡ್ಡಿನಿಂದಲೂ ಮಕ್ಕಳಿಗೆ ಊಟ ಹಾಕಿದರು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೆ ಎದೆನೋವು ಶುರುವಾಯಿತು. ಕುಣಿಯಲ್ಲಿ ಕೂತು ನೇಯುವ ಹಾಗಿಲ್ಲ ಅಂದರು ಡಾಕ್ಟರು. ಅಣ್ಣ ಅಪ್ಪನ ಮಗ್ಗಕ್ಕೆ ಕೂತ. ಸಂಜೆ ಆಶ್ರಮಕ್ಕೆ ಹೋಗುವುದು ನಿಂತಿತು. ನನ್ನ ಪಿಯುಸಿ, ಬಿ.ಕಾಂ. ಫೀಸೆಲ್ಲ ಆ ಮಗ್ಗದಿಂದ ಬಂದದ್ದು. ಬ್ಯಾಂಕಿನ ಪರೀಕ್ಷೆ ಬರೆದೆ, ಪಾಸಾದೆ, 1993ರಲ್ಲಿ ಮದ್ರಾಸಿಗೆ ಬಂದೆ. ಗುಂತಕಲ್ಲಿನಲ್ಲಿ ರೈಲು ಬದಲಿಸಿ, ಒಂದು ಟ್ರಂಕು, ಅವ್ವ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಜತೆ. ಮೊದಲ ರೂಮು ಕೋಡಂಬಾಕ್ಕಂನಲ್ಲಿ. ಇವತ್ತಿಗೂ ಇದೇ ಕೋಡಂಬಾಕ್ಕಂ. ನಡುವೆ ಎರಡು ಮೂರು ಕಡೆ ವರ್ಗವಾಯಿತು, ಮನೆ ಮಾತ್ರ ಇಲ್ಲಿಂದ ಕದಲಲಿಲ್ಲ. ಇಲ್ಲಿ ಅಡ್ಡಹೆಸರಿನ ಪದ್ಧತಿ ಇಲ್ಲ, ಹಾಗಾಗಿ ನನ್ನ ಅಡ್ಡಹೆಸರೂ ಒಂದು ಇನಿಷಿಯಲ್ಲಾಗಿ ಕುಗ್ಗಿತು. ರಿಚಿಯ ಹೆಸರು ಕತ್ತರಿಸುವಾಗ ನನಗೆ ನಗು ಬಂದದ್ದು ಅದಕ್ಕೇ.

1996ರಲ್ಲಿ ನಾಗರಪಂಚಮಿಗೆ ರಜೆ ಹಾಕಿ ಊರಿಗೆ ಹೋಗಿದ್ದೆ. ಗದಗಿನ ಟಾಕೀಜಿನಲ್ಲಿ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಸಿನಿಮಾ ಹಾಕಿದ್ದರು. 1995ರ ಚಿತ್ರ. ದಾವಣಗೆರೆಯ ಚಿಂದೋಡಿ ನಾಟಕ ಮನೆತನದ ಚಿಂದೋಡಿ ಬಂಗಾರೇಶ್ ಅವರ ನಿರ್ದೇಶನ. ಲೋಕೇಶ್, ಗಿರೀಶ್ ಕಾರ್ನಾಡ್ ಇದ್ದರು. ಸಂಗೀತ ಹಂಸಲೇಖ. ಅವರಿಗೆ ಇದಕ್ಕಾಗಿ ರಾಷ್ಟ್ರಪ್ರಶಸ್ತಿ ಬಂತು. ಇದೇ ಚಿತ್ರದ ಒಂದು ಹಿಂದೂಸ್ತಾನಿ ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ ಕಲಿಯದ ಮನುಷ್ಯ ಗವಾಯಿಗಳ ದನಿಯಾಗಿ ಹಾಡಿ ಗೆದ್ದದ್ದು ನಮ್ಮೂರಿನವರಿಗೆ ಒಂದು ಹಬ್ಬವೇ ಆಗಿತ್ತು.

ಸಿನಿಮಾದ ದೃಶ್ಯಗಳು ನನಗೀಗ ಅಷ್ಟಾಗಿ ನೆನಪಿಲ್ಲ. ನೆನಪಿರುವುದು ಆ ಹಾಡು, ಮತ್ತು ಪಕ್ಕದ ಸೀಟಿನಲ್ಲಿ ಅಣ್ಣ. ಹಾಡು ಶುರುವಾದಾಗ ಅವನ ಬಲಗೈ ಬೆರಳುಗಳು ತೊಡೆಯ ಮೇಲೆ ಪೇಟಿ ಬಾರಿಸುತ್ತಿದ್ದವು. ಹೊರಗೆ ಬಂದಾಗ ಜಿಟಿಜಿಟಿ ಮಳೆ. ಒಂದೇ ಸೈಕಲ್. ನಾನು ಹಿಂದೆ ಕ್ಯಾರಿಯರಿನ ಮೇಲೆ. ಬೆಟಗೇರಿಯವರೆಗೂ ಅವನು ಅದನ್ನೇ ಹಾಡುತ್ತಾ ತುಳಿದ. ಮನೆ ಹತ್ತಿರ ಬಂದಾಗ ಒಂದೇ ಮಾತು ಅಂದ, "ಗವಾಯಿಗಳು ಅಷ್ಟ ದೊಡ್ಡವರಾದ್ರು, ಅವರ ಅಣ್ಣನ ಹೆಸರು ಯಾರಿಗರೆ ಗೊತ್ತೈತೇನು?" ಹೆಸರನ್ನೂ ಹೇಳಿದ. ನಾನು ಹೂಂ ಅಂದೆ. ಆ ಹೆಸರನ್ನು ಅಲ್ಲೇ ಬಿಟ್ಟು ಮದ್ರಾಸಿನ ರೈಲು ಹತ್ತಿದೆ.

ಈಗ ನನ್ನ ತಪ್ಪಿನ ಕಥೆ.

2009ರಲ್ಲಿ ಅಪ್ಪ ಹೋದರು. ಅವ್ವ ಅದಕ್ಕೂ ಮೊದಲೇ ಹೋಗಿದ್ದಳು. ಬೆಟಗೇರಿಯ ಮನೆ ಏನು ಮಾಡುವುದು ಅಂತ ಮಾತು ಬಂತು. ನನಗೆ ಇಲ್ಲಿ ಫ್ಲಾಟು ಕೊಳ್ಳುವ ಆಸೆ, ಸಾಲದ ಮೇಲೆ ಒಂದಷ್ಟು ಕೈದುಡ್ಡು ಬೇಕಿತ್ತು. ಅಣ್ಣ, "ಮಗ್ಗ ಅದಾವಲ್ಲೋ, ಸ್ವಲ್ಪ ದಿನ ತಡಿ" ಅಂದ. ನಾನು ತಡೆಯಲಿಲ್ಲ. ಬಾಯಲ್ಲಿ ಹೇಳಿದ್ದರೆ ಜಗಳವಾಗಿ ಮುಗಿಯುತ್ತಿತ್ತೋ ಏನೋ. ನಾನು ಬಿ.ಕಾಂ. ಓದಿದವನು, ಬ್ಯಾಂಕಿನವನು. ಎರಡು ಹಾಳೆ ಲೆಕ್ಕ ಟೈಪ್ ಮಾಡಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. 1993ರಿಂದ ಮನೆಗೆ ಕಳಿಸಿದ ಪ್ರತಿ ಮನಿಯಾರ್ಡರು, ಪ್ರತಿ ಡ್ರಾಫ್ಟು, ಅಪ್ಪನ ಆಸ್ಪತ್ರೆಗೆ ಕೊಟ್ಟದ್ದು, ಅವ್ವನ ದಿನಕ್ಕೆ ಕೊಟ್ಟದ್ದು. ತಿಂಗಳಿಗೆ 500 ರೂಪಾಯಿಯಿಂದ ಶುರುವಾದ ಕಾಲಂ. ಕೆಳಗೆ ಮೊತ್ತ. ‘ಆದ್ದರಿಂದ ಮನೆಯಲ್ಲಿ ನನ್ನ ಹಕ್ಕು ಕಡಿಮೆಯೇನಲ್ಲ’ ಎಂಬ ಒಂದು ಸಾಲು.

ಆ ಹಾಳೆಯಲ್ಲಿ ಅಣ್ಣನ ಕಡೆಯ ಕಾಲಂ ಇರಲೇ ಇಲ್ಲ. ನನ್ನ ಫೀಸು, ನನ್ನ ಪರೀಕ್ಷೆಯ ರೈಲು ಖರ್ಚು, ರಾತ್ರಿಯೆಲ್ಲ ಅಪ್ಪನ ಬೆನ್ನು ತಿಕ್ಕಿದ್ದು ಯಾವುದೂ ಇಲ್ಲ. ಬ್ಯಾಂಕಿನಲ್ಲಿ ಒಂದು ಕಡೆ ಮಾತ್ರ ಬರೆದ ಲೆಡ್ಜರನ್ನು ಜೂನಿಯರ್ ಯಾರಾದರೂ ತಂದರೆ ಮುಖಕ್ಕೆ ಎಸೆಯುವ ಮನುಷ್ಯ ನಾನು.

ಅಣ್ಣ ಉತ್ತರ ಬರೆಯಲಿಲ್ಲ. ಮನೆ ಮಾರಿದ. ಕರೆದ ದಿನ ಹೋಗಿ ಸಹಿ ಹಾಕಿ ಬಂದೆ. ಸರಿಯಾಗಿ ಅರ್ಧ ದುಡ್ಡು ನನ್ನ ಖಾತೆಗೆ ಬಂತು, ಅದರ ಮೇಲೆ ಮಗ್ಗಗಳನ್ನು ಮಾರಿದ ದುಡ್ಡಿನ ಅರ್ಧವೂ ಬಂತು. ನಾನು ಮಗ್ಗದ ದುಡ್ಡು ಕೇಳಿರಲಿಲ್ಲ. ಆಮೇಲೆ 11 ವರ್ಷ ಮಾತಿಲ್ಲ. ಮದುವೆ ಕಾರ್ಡು ಬರುತ್ತಿದ್ದವು, ಹೋಗುತ್ತಿದ್ದವು. 2010ರ ಸೆಪ್ಟೆಂಬರಿನಲ್ಲಿ ಪುಟ್ಟರಾಜ ಗವಾಯಿಗಳು ಹೋದಾಗ ಗದಗಿನಲ್ಲಿ ಸೇರಿದ ಜನಸಾಗರವನ್ನು ಟಿವಿಯಲ್ಲಿ ನೋಡಿದೆ. ಆ ಜನರಲ್ಲಿ ಅಣ್ಣ ಕಾಣುತ್ತಾನೇನೋ ಅಂತ ಹುಡುಕಿದೆ. ಫೋನ್ ಮಾತ್ರ ಮಾಡಲಿಲ್ಲ.

2020ರ ಸೆಪ್ಟೆಂಬರ್ 25, ಶುಕ್ರವಾರ. ಮಧ್ಯಾಹ್ನ ಎಸ್‌ಪಿಬಿ ಹೋದ ಸುದ್ದಿ ಬಂತು. ಕರೋನಾ ಕಾಲ, ಊರಿಗೆ ಊರೇ ಮೊದಲೇ ಮಂಕಾಗಿತ್ತು. ಕೋಡಂಬಾಕ್ಕಂನಲ್ಲಿ ಇರುವವರಿಗೆ ಅವರು ಬರೀ ಟಿವಿಯ ಮನುಷ್ಯರಲ್ಲ. ಈ ಆರ್ಕಾಟ್ ರಸ್ತೆ, ಆಚೆ ವಡಪಳನಿ, ಸಾಲು ಸಾಲು ಸ್ಟುಡಿಯೋಗಳು. ಒಂದು ಕಾಲಕ್ಕೆ ಕನ್ನಡ ಸಿನಿಮಾವೂ ಇಲ್ಲೇ ಬೇಯುತ್ತಿದ್ದ ಅನ್ನ. 1967ರ ‘ನಕ್ಕರೆ ಅದೇ ಸ್ವರ್ಗ’ದಿಂದ ಎಸ್‌ಪಿಬಿ ಕನ್ನಡಕ್ಕೆ ಹಾಡಿದವರು. ಅವರ ಮನೆ ಇದ್ದ ನುಂಗಂಬಾಕ್ಕಂನ ಕಾಮ್‌ದಾರ್ ನಗರ ನಮಗೆ ರೈಲು ಹಳಿ ದಾಟಿದರೆ ಆಯಿತು. (ಅಲ್ಲಿಯ ರಸ್ತೆಗೆ ಅವರ ಹೆಸರಿಡುವುದಾಗಿ 2024ರಲ್ಲಿ ತಮಿಳುನಾಡು ಸರ್ಕಾರ ಘೋಷಿಸಿತು.) ಆ ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಪ್ರತಿ ಮನೆಯಿಂದಲೂ ಅವರ ದನಿ. ಒಂದು ಮನೆಯಲ್ಲಿ ತಮಿಳು, ಒಂದರಲ್ಲಿ ತೆಲುಗು, ಮೇಲಿನ ಮನೆಯಲ್ಲಿ ಹಿಂದಿ.

ಎದುರು ಮನೆಯ ತಮಿಳು ಗೆಳೆಯರು ಮಾಸ್ಕ್ ಹಾಕಿಕೊಂಡು ಬಾಗಿಲಲ್ಲೇ ನಿಂತು ಅವರಿಗೆ ಬಂದ ರಾಷ್ಟ್ರಪ್ರಶಸ್ತಿ ಎಣಿಸುತ್ತಿದ್ದರು. ‘ಶಂಕರಾಭರಣಂ’ ಅಂದರು, ‘ಮಿನ್ಸಾರ ಕನವು’ ಅಂದರು. ನಾನು, "ಸಾರ್, ಒಟ್ಟು ಆರು. ಅದರಲ್ಲಿ ಒಂದು ಕನ್ನಡ ಸಿನಿಮಾಕ್ಕೆ, ನಮ್ಮೂರಿನ ಗವಾಯಿಗಳ ಕಥೆ" ಅಂದೆ. ಅವರು ಕಣ್ಣರಳಿಸಿ "ಯಾರದು?" ಅಂತ ಕೇಳಿದರು. ಹುರುಪಿನಲ್ಲಿ ಶುರು ಮಾಡಿದೆ. ಹುಟ್ಟು ಕುರುಡರು, ಒಬ್ಬ ಅಣ್ಣನೂ ಇದ್ದ, ಅವನೂ ಕುರುಡ, ಅವನ ಹೆಸರು...

ಹೆಸರು ಬರಲಿಲ್ಲ.

ಒಳಗೆ ಬಂದು ಮೊಬೈಲಿನಲ್ಲಿ ಆ ಹಾಡು ಹಾಕಿದೆ. ಒಮ್ಮೆ ಕೇಳಿದೆ. ಮತ್ತೊಮ್ಮೆ ಕೇಳಿದೆ. ಮೂರನೇ ಸಲಕ್ಕೆ ಹಾಡಿನ ಒಳಗೆ ಸೈಕಲ್ ಚೈನಿನ ಸದ್ದು ಕೇಳಿಸತೊಡಗಿತು. ಹೆಸರನ್ನು ಇಂಟರ್ನೆಟ್ಟಿನಲ್ಲಿ ಹುಡುಕಬಹುದಿತ್ತು. ಹುಡುಕಲಿಲ್ಲ. ಅಣ್ಣನ ನಂಬರ್ ಒತ್ತಿದೆ.

"ಯಾರ್ರೀ?" ಅಂದ. ನನ್ನ ನಂಬರು ಅವನ ಫೋನಿನಲ್ಲಿ ಇರಲಿಲ್ಲ.

"ಅಣ್ಣಾ, ನಾನು. ಮದ್ರಾಸಿನಿಂದ."

ಸ್ವಲ್ಪ ಹೊತ್ತು ಏನೂ ಇಲ್ಲ. ಹಿಂದೆ ಟಿವಿಯ ಸದ್ದು. ಆಮೇಲೆ, "ಆರಾಮ ಅದೀರಿಲ್ಲ ಎಲ್ಲಾರೂ? ಅಲ್ಲೆ ರೋಗ ಭಾಳ ಐತಂತ."

"ಆರಾಮ ಅದೀವಿ. ಎಸ್‌ಪಿಬಿ ಹೋದ್ರು."

"ಹೌದು. ಮಧ್ಯಾಹ್ನದಿಂದ ಅದನ್ನ ನೋಡಾಕತ್ತೀವಿ."

"ಅಣ್ಣಾ, ಗವಾಯಿಗಳ ಅಣ್ಣನ ಹೆಸರ ಏನು?"

"ಗುರುಬಸಯ್ಯ. ಯಾಕ?"

"ನೆನಪಾಗಲಿಲ್ಲ."

"ಅಷ್ಟೂ ಮರತೀಯಲ್ಲೋ ತಮ್ಮಾ" ಅಂದ. ಆ ‘ತಮ್ಮಾ’ ಕೇಳಿ 11 ವರ್ಷ ಆಗಿತ್ತು.

ನನಗೆ ಬಾಯಿ ಕಟ್ಟಿತು. ಏನೇನೋ ಹೇಳಿದೆ. ನನ್ನ ಸಲುವಾಗಿ ನೀ ಹಾಡೋದು ಬಿಟ್ಟಿ, ಗುರುಬಸಯ್ಯನ ಹಂಗ ನಿನ್ನ ಹೆಸರೂ ಯಾರಿಗೂ ಗೊತ್ತಾಗದಂಗ ಆತು ಅಂತ. ಕೋಡಂಬಾಕ್ಕಂನ ಗಾಳಿ ಕುಡಿದವನಲ್ಲವೇ, ಸ್ವಲ್ಪ ಸಿನಿಮಾ ಡೈಲಾಗೇ ಆಯಿತು ಅನ್ನಿ. ಅಣ್ಣ ಪೂರ್ತಿ ಕೇಳಿಸಿಕೊಂಡ. ಆಮೇಲೆ ಅಂದ:

"ಬಿಟ್ಟೀನಂತ ಯಾರ ಹೇಳಿದ್ರ ನಿನಗ? ಪ್ರತಿ ಸೋಮವಾರ ಗುಡಿಯಾಗ ಭಜನಿ ಐತಿ. ಪೇಟಿ ನಾನ ಬಾರಸ್ತೀನಿ. ಮೂವತ್ತು ವರ್ಷದ ಮ್ಯಾಲಾತು. ನೀ ಯಾವತ್ತ ಕೇಳೀದಿ?"

ನಿಜ. ನಾನು ಯಾವತ್ತೂ ಕೇಳಿರಲಿಲ್ಲ. ರಜೆಗೆ ಹೋದರೆ ಸೋಮವಾರ ಸಂಜೆಯ ಹೊತ್ತಿಗೆ ನನ್ನ ರೈಲು ಹೊರಟಿರುತ್ತಿತ್ತು. ಇಷ್ಟು ವರ್ಷ ನನ್ನ ಮನಸ್ಸಿನಲ್ಲಿ ಅವನನ್ನು ಸೋತವನ ಜಾಗದಲ್ಲಿ ಕೂರಿಸಿ, ಒಮ್ಮೆ ಕನಿಕರ ಪಟ್ಟು, ಒಮ್ಮೆ ಲೆಕ್ಕ ಕೇಳಿ, ಎರಡೂ ಸಲ ತಪ್ಪು ಮಾಡಿದ್ದೆ. ಅಣ್ಣ ಯಾರ ನೆರಳಲ್ಲೂ ಇರಲಿಲ್ಲ. ಅವನು ತನ್ನ ಪಾಡಿಗೆ ತಾನು ಹಾಡಿಕೊಂಡಿದ್ದ. ಕೇಳುವ ಕಿವಿ ಇರಲಿಲ್ಲದ್ದು ನನಗೆ.

ಕೊನೆಗೆ ಧೈರ್ಯ ಮಾಡಿ, "ಅಣ್ಣಾ, ಆ ಕಾಗದ..." ಅಂದೆ.

"ಲೆಕ್ಕ ಬರೋಬ್ಬರಿ ಇತ್ತು ತಮ್ಮಾ" ಅಂದ. "ಒಂದ ರೂಪಾಯಿ ತಪ್ಪಿರಲಿಲ್ಲ."

ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಆ ಒಂದು ಮಾತು ಇವತ್ತಿಗೂ ಮೆದುವಾಗಿ ಚುಚ್ಚುತ್ತಿರುತ್ತದೆ.

2021ರ ಫೆಬ್ರವರಿಯಲ್ಲಿ ನಾವು ಮೂವರೂ ಊರಿಗೆ ಹೋದೆವು. ಹಳೆಯ ಮನೆಯ ಜಾಗದಲ್ಲಿ ಯಾರದೋ ಮೂರು ಅಂತಸ್ತು ಎದ್ದಿದೆ. ಅಣ್ಣ ಎರಡು ಓಣಿ ಆಚೆ ಬಾಡಿಗೆ ಮನೆಯಲ್ಲಿದ್ದಾನೆ. ಮಗ್ಗ ಇಲ್ಲ, ಒಂದು ಬಟ್ಟೆ ಅಂಗಡಿಯಲ್ಲಿ ಕೂರುತ್ತಾನೆ. ಅದನ್ನು ಯಾವ ಫೋನೂ ವಾಪಸ್ ತರುವುದಿಲ್ಲ. ವೈನಿ ಮೊದಲ ದಿನ ನನ್ನ ಜತೆ ಹೆಚ್ಚು ಮಾತಾಡಲಿಲ್ಲ. ಅದೂ ಸರಿಯೇ. ಬೆಳಿಗ್ಗೆ ಆಶ್ರಮಕ್ಕೆ ಹೋಗಿ ಇಬ್ಬರೂ ಗವಾಯಿಗಳ ಗದ್ದುಗೆಗೆ ನಮಸ್ಕಾರ ಮಾಡಿದೆವು. ಒಂದು ಕೋಣೆಯಲ್ಲಿ ಹುಡುಗರು ಸರಿಗಮ ಒಪ್ಪಿಸುತ್ತಿದ್ದರು, ಇನ್ನೊಂದರಲ್ಲಿ ತಬಲಾ. ಆ ದಿನ ಸೋಮವಾರ. ಸಂಜೆ ಗುಡಿಯಲ್ಲಿ ಅಣ್ಣ ಹಾಡಿದ. ದನಿ ಸ್ವಲ್ಪ ಒಡೆದಿದೆ, ಮೇಲಿನ ಸ್ವರಕ್ಕೆ ಹೋಗುವಾಗ ಉಸಿರು ಸಾಲದು. ಸುತ್ತ ಕೂತ ಹದಿನೈದು ಜನಕ್ಕೆ ಅವನ ಹೆಸರು ಚೆನ್ನಾಗಿ ಗೊತ್ತಿತ್ತು. ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ. "ಇವರು ಯಾರ್ರೀ?" ಅಂತ ಒಬ್ಬರು ಕೇಳಿದರು. "ನಮ್ಮ ತಮ್ಮ. ಮದ್ರಾಸಿನ್ಯಾಗ ಇರ್ತಾನ" ಅಂದ ಅಣ್ಣ.

ಇದನ್ನೆಲ್ಲ ಭಾನುವಾರ ಮಗಳಿಗೆ ಹೇಳಿದೆ. ಊರಿಗೆ ಬಂದಿದ್ದಳು ನಿಜ, ಹಿಂದಿನ ಕಥೆ ಅವಳಿಗೆ ಪೂರ್ತಿ ಗೊತ್ತಿರಲಿಲ್ಲ. ಅವಳ ಕನ್ನಡ ಅರ್ಧ ಅವಳಮ್ಮನ ಮೈಸೂರಿನದು, ಅರ್ಧ ಈ ಊರಿನ ತಮಿಳು. ದೊಡ್ಡಪ್ಪನ ಮಾತು ಅವಳಿಗೆ ಮುಕ್ಕಾಲು ಪಾಲು ತಿಳಿಯುವುದಿಲ್ಲ. ಆದರೂ ತಕ್ಷಣ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. "ದೊಡ್ಡಪ್ಪಾ, ನೀವು ಸೈಕಲ್ ಮೇಲೆ ಹಾಡಿದ ಹಾಡು ಹಾಡಿ" ಅಂದಳು. ಅಣ್ಣ, "ಈಗ ಎಲ್ಲಿ ಆಕ್ಕೈತವ್ವಾ, ವಯಸ್ಸಾತು" ಅಂತ ನಕ್ಕ. ಆಮೇಲೆ ಕೆಮ್ಮಿ ಗಂಟಲು ಸರಿಮಾಡಿಕೊಂಡು ಹಾಡಿದ. ನಮ್ಮ ಹಾಲಿನಲ್ಲಿ ಫ್ಯಾನು ತಿರುಗುವ ಸದ್ದು ಬಿಟ್ಟರೆ ಅವನ ದನಿ ಮಾತ್ರ. ಮಗಳು "ಇನ್ನೊಂದ್ಸಲ ದೊಡ್ಡಪ್ಪಾ" ಅಂದಳು. ಈ ಸಲ ಅವಳೂ ಸಣ್ಣಗೆ ಜತೆಗೂಡಿದಳು, ಮಾತು ತಪ್ಪುತ್ತಾ. ಅರ್ಥ ತಿಳಿಯದೆಯೂ ಹಾಡಬಹುದು, ಆ ರಿಚಿ ಹುಡುಗನ ಹಾಗೆ.

ಈ ಪಂಚಮಿಗೆ ಹೋಗುವುದು ಅಂತ ಆಗಿದೆ. ಸೋಮವಾರ ಸಂಜೆ ಅಲ್ಲೇ ಇರುವ ಹಾಗೆ ನೋಡಿ ಮಗಳು ಟಿಕೆಟ್ಟೂ ಮಾಡಿದಳು. ಫೋನ್ ಇಡುವ ಮೊದಲು ಅಣ್ಣನಿಗೆ ಏನು ತರಲಿ ಅಂತ ಕೇಳಿದೆ.

"ಏನೂ ಬ್ಯಾಡ" ಅಂದ. "ಕಾಗದ ಪೆನ್ನು ಒಂದ ತರಬ್ಯಾಡ ನೋಡು."